ತಂಡದಿಂದ ಕೈಬಿಟ್ಟವರ ಮುಂದಿನ ದಾರಿ

ಪ್ರಶ್ನೆ: ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಋತು ಆರಂಭವಾಗುವ ಮುನ್ನ ತಂಡಗಳು ಒಮ್ಮೆಲೇ ಹತ್ತಾರು ಆಟಗಾರರನ್ನು ಕೈಬಿಡುತ್ತವೆ. ಪೂರ್ವಸಿದ್ಧತಾ ಪಂದ್ಯಗಳಲ್ಲಿ ಚೆನ್ನಾಗಿ ಆಡಿದವರನ್ನೂ ಬಿಟ್ಟರೆಂದು ಡಲ್ಲಾಸ್‌ನಲ್ಲಿರುವ ನನ್ನ ಮಗನೂ ಅವನ ಗೆಳೆಯರೂ ನೊಂದುಕೊಳ್ಳುತ್ತಾರೆ. ಹಾಗೆ ಹೊರಬಿದ್ದವರ ಗತಿಯೇನು?

ಉತ್ತರ: ಅವರ ನೋವು ಸಹಜವಾದುದು. ಆಗಸ್ಟ್ ಕೊನೆಯಲ್ಲಿ ಪ್ರತಿ ತಂಡವೂ ತನ್ನ 90 ಆಟಗಾರರ ಪಟ್ಟಿಯನ್ನು 53ಕ್ಕೆ ಇಳಿಸಬೇಕಾಗಿರುವುದರಿಂದ, 32 ತಂಡಗಳಿಂದ ಸಾವಿರಕ್ಕೂ ಹೆಚ್ಚು ಮಂದಿ ಒಂದೇ ಸಮಯಕ್ಕೆ ಕೆಲಸ ಕಳೆದುಕೊಳ್ಳುತ್ತಾರೆ. ನಾಲ್ಕು ಋತುಗಳ ಅನುಭವವುಳ್ಳವರು ಆಗ ತಕ್ಷಣವೇ ಯಾವ ತಂಡವನ್ನಾದರೂ ಸೇರಲು ಸ್ವತಂತ್ರರು. ಉಳಿದವರು ವೇವರ್ ಎಂಬ ಪಟ್ಟಿಗೆ ಸೇರುತ್ತಾರೆ ಮತ್ತು ಬೇರೆ ತಂಡಗಳು ಅವರನ್ನು ಕೋರಬಹುದು. ಒಬ್ಬನನ್ನೇ ಹಲವು ತಂಡಗಳು ಕೋರಿದರೆ ಹಿಂದಿನ ವರ್ಷ ಹೆಚ್ಚು ಸೋತ ತಂಡಕ್ಕೆ ಆದ್ಯತೆ. ಯಾರೂ ಕೋರದಿದ್ದವನನ್ನು ಹಳೆಯ ತಂಡವೇ ಅಭ್ಯಾಸ ಬಳಗಕ್ಕೆ, ಅಂದರೆ ಮುಖ್ಯ ಪಟ್ಟಿಯ ಹೊರಗಿದ್ದು ತಂಡದೊಂದಿಗೆ ಅಭ್ಯಾಸ ಮಾಡುವ ಗುಂಪಿಗೆ, ಮರಳಿ ಕರೆಯುವುದೂ ಉಂಟು. ಆದ್ದರಿಂದ ಅಭಿಮಾನಿಗಳು ಮೊದಲ ದಿನದ ಪಟ್ಟಿಯನ್ನೇ ಅಂತಿಮವೆಂದು ಭಾವಿಸಬಾರದೆಂಬುದು ನನ್ನ ಅಭಿಪ್ರಾಯ.

ಪೂರ್ವಸಿದ್ಧತಾ ಪಂದ್ಯದ ಮಿಂಚನ್ನಷ್ಟೇ ನೋಡಿ ತಂಡಗಳು ನಿರ್ಧರಿಸುವುದಿಲ್ಲ. ಆ ಸ್ಥಾನದಲ್ಲಿ ಈಗಾಗಲೇ ಎಷ್ಟು ಮಂದಿ ಇದ್ದಾರೆ, ಕಿಕ್ ಸಂದರ್ಭದ ಆಟದಲ್ಲಿ ಅವನು ಉಪಯೋಗಕ್ಕೆ ಬರುವನೇ ಎಂಬುದನ್ನೂ ತೂಗುತ್ತವೆ. ಆದರೂ ತಪ್ಪಾಗುತ್ತದೆ. ಆಟಗಾರ ಕರ್ಟ್ ವಾರ್ನರ್ ಅವರನ್ನು 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಕೈಬಿಟ್ಟಿತು. ಐಯೋವಾದ ಸೂಪರ್‌ಮಾರ್ಕೆಟ್ ಒಂದರಲ್ಲಿ ರಾತ್ರಿಯ ಹೊತ್ತು ಸಾಮಾನು ಜೋಡಿಸಿ ಬದುಕಿದ ಅವರೇ 2000ದ ಜನವರಿಯಲ್ಲಿ ಸೇಂಟ್ ಲೂಯಿಸ್ ರಾಮ್ಸ್ ತಂಡಕ್ಕೆ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದುಕೊಟ್ಟರು.