ಅರವತ್ತು ರೊಟ್ಟಿ, ಒಂದ ಹಂಚು

ತಮ್ಮಾ, ಗದಗದಿಂದ ಇಂಗ್ಲಂಡಿನ ಲೆಸ್ಟರ್‌ಗೆ ಓದಾಕ ಬಂದಿ, ನಿನ್ನ ಕೈರುಚಿ ಗೊತ್ತಾದ ಮ್ಯಾಲೆ ಗೆಳೆಯರು ಪ್ರತಿ ಶನಿವಾರ ಇಪ್ಪತ್ತು ಮಂದಿಗೆ ರೊಟ್ಟಿ-ಎಣ್ಣಿಗಾಯಿ ಮಾಡು ಅಂತಾರ ಅಂದಿ. ಒಲ್ಲೆ ಅಂದ್ರ ಊರಿನ ಮಂದಿ ಬೇಜಾರಾಗ್ತಾರ, ಹೆಂಗ ಹೇಳಲಿ, ರೊಕ್ಕ ತೊಗೊಂಡು ಮಾಡಿದ್ರ ನಡಿತೈತೇನು ಅಂತ ಕೇಳಿದಿ.

ಕಡೀ ಪ್ರಶ್ನೆ ಮೊದಲ ಮುಗಸೂಣು. ನಡಿಯೂದಿಲ್ಲ. ವಿದ್ಯಾರ್ಥಿ ವೀಸಾದಾಗ ಸ್ವಂತ ಧಂದೆ ಮಾಡಾಕ ಬರೂದಿಲ್ಲ. ಪದವಿ ಓದೋರಿಗೆ ಪಾಠ ನಡಿಯೋ ವಾರದಾಗ 20 ತಾಸು ನೌಕರಿಗೆ ಪರವಾನಗಿ ಇರತೈತಿ. ಅದು ಒಬ್ಬ ಮಾಲಕನ ಕೈಯಾಗ ಪಗಾರಕ್ಕ ದುಡಿಯೂದು. ತಾಟಿಗೆ ಇಷ್ಟು ಪೌಂಡ್ ಅಂತ ದರ ಕಟ್ಟಿ ಊಟ ಮಾರೂದು ಅದರಾಗ ಬರೂದಿಲ್ಲ. "ವರ್ಷಕ್ಕ 1,000 ಪೌಂಡ್ ತನಕ ಏನೂ ಆಗೂದಿಲ್ಲ" ಅಂತ ಯಾರರ ಧೈರ್ಯ ಹೇಳಿದ್ರ, ಅದು ತೆರಿಗಿ ಮಾತು, ವೀಸಾದ ಮಾತಲ್ಲ. ವೀಸಾದ ಅಡ್ಡಿ ಇಲ್ಲದವರು ಸೈತ ಮನಿಯಿಂದ ಊಟ ಮಾರಬೇಕಂದ್ರ 28 ದಿನ ಮೊದಲ ಕೌನ್ಸಿಲ್‌ನಾಗ (ಊರಿನ ಸ್ಥಳೀಯ ಆಡಳಿತದಾಗ) ನೋಂದಣಿ ಮಾಡಿಸಬೇಕು. ಅದಕ್ಕ ಫೀ ಇಲ್ಲ, ಆದ್ರ ನೋಂದಣಿ ಇಲ್ಲದ ಮಾರಾಕ ಬರೂದಿಲ್ಲ. ತಂದ ಸಾಮಾನಿನ ಬಿಲ್ಲನ್ನ ಉಣ್ಣೋರೆಲ್ಲ ಹಂಚಿಕೊಳ್ಳೂದು ಬ್ಯಾರೆ ಮಾತು. ಅದನ್ನ ನಾಚಿಕಿ ಬಿಟ್ಟು ಕೇಳು.

ಈಗ ಕೆಲಸದ ಲೆಕ್ಕ. ನಿನಗ ಗೊತ್ತಿರತೈತಿ, ಗೆಳೆಯರಿಗೆ ಗೊತ್ತಿಲ್ಲ. ತಲಿಗೆ ಮೂರರಂಗ ಇಪ್ಪತ್ತು ಮಂದಿಗೆ ಅರವತ್ತು ರೊಟ್ಟಿ. ಒಂದು ರೊಟ್ಟಿಗೆ ಸುಮಾರು 60 ಗ್ರಾಂ ಹಿಟ್ಟು, ಒಟ್ಟು ಮೂರೂವರಿ ಕಿಲೋ ಮ್ಯಾಲೆ. ನೀ ಒಬ್ಬನ ಬಡದು ನೀನ ಬೇಯಿಸಿದ್ರ ಒಂದಕ್ಕ ಮೂರು ನಿಮಿಷ, ಅಂದ್ರ ಒಂದ ಹಂಚಿನ ಮುಂದ ಮೂರು ತಾಸು ನಿಲ್ಲಬೇಕು. ಹಿಟ್ಟು ನಾದೂದು, ಪಲ್ಲೆ, ಭಾಂಡಿ ತಿಕ್ಕೂದು ಇದರಾಗ ಹಿಡಿದಿಲ್ಲ. ಚಪಾತಿಗತೆ ಒಮ್ಮೆಲೆ ನಾದಿ ಇಡಾಕೂ ಬರೂದಿಲ್ಲ. ಜ್ವಾಳದಾಗ ಗೋದಿಯ ಅಂಟು ಇಲ್ಲ. ಕುದಿಯೋ ನೀರಿನಾಗ ಹಿಟ್ಟು ಬೆಂದಾಗಷ್ಟ ಅದಕ್ಕ ಜಿಗಿ ಬರತೈತಿ, ತಣ್ಣಗಾದಂಗ ಅದು ಕಡಿಮಿ ಆಗಿ ಅಂಚು ಸೀಳತೈತಿ. ಅದಕ್ಕ ನಾಕೈದು ರೊಟ್ಟಿಗೆ ಆಗೋವಷ್ಟ ಕಲಸು: ಎರಡು ಕಪ್ ಹಿಟ್ಟಿಗೆ ಒಂದೂವರಿ ಕಪ್ ಕುದಿನೀರು ಹಾಕಿ, ಚಮಚದ ಹಿಡಿಕಿಯಿಂದ ತಿರುವಿ, ಐದು ನಿಮಿಷ ಮುಚ್ಚಿಟ್ಟು, ಬಿಸಿ ಇದ್ದಾಗನ ಕೈಗೆ ನೀರು ಹಚ್ಚಿಕೊಂಡು ನಾದು. ಹಿಟ್ಟಿನ ಮ್ಯಾಲೆ ನೀರು ಸ್ವಲ್ಪ ಹೆಚ್ಚುಕಡಿಮಿ ಆಗತೈತಿ.

ಇಲ್ಲಿ ಹಿಟ್ಟ ದೊಡ್ಡ ತೊಂದ್ರಿ. ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡ್ಯಾಗ ಅವರ ರೋಟ್ಲಾ ಸಲುವಾಗಿ ಜುವಾರ್ (ಜ್ವಾಳ), ಬಾಜ್ರಿ (ಸಜ್ಜಿ) ಹಿಟ್ಟು ಎರಡೂ ಸಿಗತಾವು. ಆದ್ರ ಊರಾಗ ವಾರಕ್ಕೊಮ್ಮೆ ಗಿರಣಿಗೆ ಹೋಗಿ ಬೀಸಿದ ಹಿಟ್ಟಿನ ಗುಣ ಪಾಕೀಟಿನ ಹಳೇ ಹಿಟ್ಟಿಗೆ ಇರೂದಿಲ್ಲ. ಒಂದು ಚಿಟಿಕಿ ನಾಲಿಗಿ ಮ್ಯಾಲೆ ಹಾಕಿ ನೋಡು: ಕಹಿ ಇದ್ರ ಅದರಾಗಿನ ಎಣ್ಣಿ ಅಂಶ ಮುಗ್ಗಿದಂಗ, ಯಾವ ಕುದಿನೀರೂ ಅದನ್ನ ಉಳಸೂದಿಲ್ಲ. ಛಲೋ ಹಿಟ್ಟು ಸಿಕ್ಕ್ರ ಫ್ರೀಜರ್‌ನಾಗ ಇಡು.

ಬಾಡಿಗಿ ಮನಿ ಅಡಗಿಮನಿದೂ ಒಂದು ಮಾತು. ಗಾಜಿನ ಒಲಿ ಮ್ಯಾಲೆ ತಳ ಸಪಾಟಾದ ಕಬ್ಬಿಣದ ಹಂಚು ಬೇಕು, ಇಂಡಕ್ಷನ್ ಇದ್ರ ಅಲ್ಯುಮಿನಿಯಂದು ಕಾಯೂದ ಇಲ್ಲ. ಹಂಚನ್ನ ಎಳೀಬ್ಯಾಡ, ಗಾಜಿಗೆ ಗೀರು ಬೀಳ್ತಾವು. ಬೆಂಕಿ ಇಲ್ಲಂತ ರೊಟ್ಟಿ ಉಬ್ಬೂದಿಲ್ಲ ಅನ್ನಬ್ಯಾಡ: ಮ್ಯಾಲಿನ ನೀರು ಆರಿದ ಕೂಡಲೇ ತಿರುವಿ ಹಾಕಿ, ಮಡಚಿದ ಅರಿವಿಯಿಂದ ಅಂಚು ಒತ್ತಗೋತ ಹೋದ್ರ ಹಂಚಿನ ಮ್ಯಾಲೇನ ಉಬ್ಬತೈತಿ. ಪ್ರತಿ ರೊಟ್ಟಿ ಆದ ಮ್ಯಾಲೆ ಉದುರಿದ ಹಿಟ್ಟು ಒರಸು. ಅದು ಸುಟ್ಟ್ರ ಹೊಗಿ ಅಲಾರಂ ಹೊಡಕೋತೈತಿ. ಹಲಗಿ ಕೆಳಗ ಹಸಿ ಅರಿವಿ ಹಾಸಿ ಬಡಿ, ಮೂರು ತಾಸು ಆ ಸಪ್ಪಳ ಕೆಳಗಿನ ಮನಿಯವರು ಯಾಕ ತಾಳಬೇಕು?

ಅರವತ್ತು ರೊಟ್ಟಿ ಒಬ್ಬನ ತಲಿಗೆ ಕಟ್ಟೂದು ನಮ್ಮ ಕಡೆ ಪದ್ಧತಿನೂ ಅಲ್ಲ. ಮದುವಿ ಮುಂದ ಕಟಕ್ ರೊಟ್ಟಿ ಬಡಿಯಾಕ ಓಣಿ ಹೆಣ್ಮಕ್ಕಳೆಲ್ಲ ಕೂಡ್ತಾರ. ಖಾನಾವಳ್ಯಾಗ ಬಡಿಯೋರಿಗೆ ಪಗಾರ ಐತಿ. ನಾಗರ ಪಂಚಮಿ ಹೊತ್ತಿನ ರೊಟ್ಟಿ ಹಬ್ಬದಾಗ ಮನಿಮನಿಗೆ ರೊಟ್ಟಿ-ಪಲ್ಲೆ ಹೋಗತಾವು, ಆ ಮನಿಯಿಂದ ತಿರುಗಿ ಬರ್ತಾವು. ನೀ ಕೊಟ್ಟ ತಾಟು ಪ್ರತಿ ವಾರ ಖಾಲಿ ತಿರುಗಿ ಬಂದ್ರ ಅದಕ್ಕ ಊರಿನ ರೂಢಿ ಅನ್ನಾಕ ಬರೂದಿಲ್ಲ. ಬೇಜಾರಾಗ್ತಾರ ಅನ್ನೋ ಅಂಜಿಕಿ ಇದ್ರ ಇದನ್ನ ನೆನಪ ಮಾಡಿಕೊ.

ಹೇಳೂದು ಹೆಂಗ ಅಂದ್ರ, "ನೋಡೂಣು" ಅನ್ನಬ್ಯಾಡ. ಊರಾಗ ಹಿರ್ಯಾರು "ನೋಡೂಣು" ಅಂದ್ರ ಆಗೂದಿಲ್ಲ ಅಂತ ಎಲ್ಲಾರಿಗೂ ತಿಳಿತೈತಿ. ವಾಟ್ಸಾಪ್ ಗುಂಪಿನಾಗ ಅದು ಹೌದು ಅಂತ ಆಗಿ, ಶನಿವಾರ ಬಾಗಿಲಿಗೆ ಮಂದಿ ಬರ್ತಾರ. ಕಾರಣನೂ ಕೊಡಬ್ಯಾಡ. "ಪರೀಕ್ಷೆ ಐತಿ" ಅಂದ್ರ "ಹಂಗಾರ ಪರೀಕ್ಷೆ ಮುಗಿದ ಮರುದಿನ" ಅಂತಾರ. "ಈ ಶನಿವಾರ ಆಗೂದಿಲ್ಲ" ಅಷ್ಟ ಸಾಕು. ಒಬ್ಬರು ಒತ್ತಾಯ ಮಾಡಿದ್ರ ಅದ ಮಾತು ಇನ್ನೊಮ್ಮೆ ಹೇಳು, ಹೊಸಾ ಕಾರಣ ಹುಡುಕಬ್ಯಾಡ.

ಪೂರ್ತಿ ಬಿಡು ಅಂತ ನಾ ಹೇಳೂದಿಲ್ಲ. ಪರದೇಶದಾಗ ಬಿಸಿ ರೊಟ್ಟಿ ಸುತ್ತ ಕೂಡೂದು ಭಾಳ ದೊಡ್ಡ ಸುಖ, ಅದು ನಿನಗೂ ಬೇಕು. ತಿಂಗಳಿಗೊಮ್ಮೆ, ಎಂಟು ಮಂದಿ. ಇಪ್ಪತ್ತ್ನಾಕು ರೊಟ್ಟಿ; ಇಬ್ಬರು ಬಡದು ಒಬ್ಬರು ಬೇಯಿಸಿದ್ರ ಒಂದು ತಾಸಿನಾಗ ಆಗತಾವು. ಬಡಿಯಾಕ ಬರದವ್ರು ಕಲೀಲಿ, ಮೊದಲಿನ ಹತ್ತು ಹರೀತಾವು, ಹರದ್ವು ಮುಟಗಿ ಮಾಡಾಕ ಆಗತಾವು: ಬಿಸಿ ಇದ್ದಾಗನ ಬೆಳ್ಳುಳ್ಳಿ, ಜೀರಿಗಿ, ಉಪ್ಪು, ಖಾರ ಹಾಕಿ ಮುರದು ಹಿಸುಕಿ ಉಂಡಿ ಕಟ್ಟು.

ಎಣ್ಣಿಗಾಯಿ ಹಿಂದಿನ ದಿನ ಮಾಡು. ಎಂಟು ಮಂದಿಗೆ ಸಣ್ಣ ಬದ್ನಿಕಾಯಿ ಹದಿನಾರು, ಹುರಿದ ಶೇಂಗಾಪುಡಿ 150 ಗ್ರಾಂ, ಎಳ್ಳು ಮತ್ತ ಗುರೆಳ್ಳು ಎರಡೆರಡು ಚಮಚ, ಒಣಕೊಬ್ರಿ ಒಂದು ಹಿಡಿ, ಉಳ್ಳಾಗಡ್ಡಿ ಎರಡು, ಹುಣಸಿಹಣ್ಣು ನಿಂಬಿಗಾತ್ರ, ಬೆಲ್ಲ, ಮಸಾಲಿ ಖಾರ. ಎಲ್ಲಾ ಒಂದ ಪಾತೇಲ್ಯಾಗ ತುರಕಿದ್ರ ಶೇಂಗಾ ತಳಕ್ಕ ಕೂತು ಸೀಯತೈತಿ, ಮ್ಯಾಲಿನ ಕಾಯಿ ಹಸೇದ ಉಳಿತಾವು. ಒಗ್ಗರಣಿ ಆದ ಮ್ಯಾಲೆ ಮಸಾಲಿ ತುಂಬಿದ ಕಾಯಿ ಅಗಲ ಟ್ರೇನಾಗ ಒಂದ ಸಾಲು ಹೊಂದಿಸಿ, ಒಂದು ಕಪ್ ಬಿಸಿನೀರು ಹಾಕಿ, ಫಾಯಿಲ್ ಮುಚ್ಚಿ 180 ಡಿಗ್ರಿ ಓವನ್‌ನಾಗ ನಲವತ್ತು ನಿಮಿಷ ಇಡು. ಚಾಕು ಹಾಕಿ ನೋಡಿ ತಗಿ. ಅನ್ನ ಮಾತ್ರ ಹಿಂದಿನ ದಿನ ಮಾಡಬ್ಯಾಡ. ಹೊರಗ ಉಳಿದ ಅನ್ನದಾಗ ಬೆಳೆಯೋ ವಿಷ ಮತ್ತ ಬಿಸಿ ಮಾಡಿದ್ರೂ ಹೋಗೂದಿಲ್ಲ. ಉಳಿದ್ರ ಒಂದು ತಾಸಿನಾಗ ಆರಿಸಿ ಫ್ರಿಜ್‌ಗೆ ಹಾಕು, ಮರುದಿನದಾಗ ಮುಗಸು.

ಗುಂಪಿಗೆ ಹಿಂಗ ಬರಿ: "ತಿಂಗಳ ಮೊದಲ ಶನಿವಾರ, ಎಂಟು ಮಂದಿ, ಮೊದಲು ಹೆಸರು ಕೊಟ್ಟವ್ರಿಗೆ. ಎಣ್ಣಿಗಾಯಿ ನಂದು. ಮೊಸರು, ಹಸೀ ತಪ್ಪಲಾ, ಶೇಂಗಾ ಚಟ್ನಿ ನಿಮ್ಮವು. ಬಿಲ್ ಅವತ್ತ ಹಂಚೂದು. ರೊಟ್ಟಿ ಎಲ್ಲಾರೂ ಕೂಡಿ, ಹನ್ನೊಂದಕ್ಕ ಬರ್ರಿ." ಕೆಳಗ ಇನ್ನೊಂದು ಸಾಲು ಸೇರಸು: ಶೇಂಗಾ, ಎಳ್ಳು ಯಾರಿಗೆ ಆಗೂದಿಲ್ಲ ಮೊದಲ ಹೇಳ್ರಿ ಅಂತ. ನಮ್ಮ ಅಡಗಿ ತುಂಬ ಇವ ಎರಡು, ಇವುಗಳಿಂದ ಉಸಿರು ಕಟ್ಟೋ ಅಲರ್ಜಿ ಇದ್ದವ್ರು ಇಲ್ಲಿ ಕಾಲೇಜಿನಾಗೂ ಮನಿಯಾಗೂ ಸಿಗ್ತಾರ. ಜ್ವಾಳದಾಗ ಗ್ಲುಟೆನ್ ಇಲ್ಲಂತ ಗೋದಿ ಆಗದವ್ರಿಗೆ ಪೂರ್ತಿ ಊಟ ನಡಿತೈತಿ ಅಂತನೂ ಹೇಳಬ್ಯಾಡ. ಇಂಗಿನ ಡಬ್ಬಿ ಹಿಂದ ಓದು, ಭಾಳಷ್ಟರಾಗ ಗೋದಿಹಿಟ್ಟು ಕಲಸಿರ್ತಾರ.