ಎಲ್ಲಾ ಧರ್ಮದವರು ಬರುವ ಆಸ್ಪತ್ರೆಯಲ್ಲಿ ಶಿಲುಬೆ, ಪ್ರಾರ್ಥನೆ ಯಾಕೆ?

ಹಾಸನದಲ್ಲಿ ನರ್ಸಿಂಗ್ ಮುಗಿಸಿ ಚಿಕ್ಕಮಗಳೂರಿನಲ್ಲಿ ಸಿಸ್ಟರ್‌ಗಳು (ಕ್ಯಾಥೋಲಿಕ್ ಸನ್ಯಾಸಿನಿಯರು) ನಡೆಸುವ ಆಸ್ಪತ್ರೆಗೆ ಸೇರುತ್ತಿದ್ದೀರಿ. ಎಲ್ಲಾ ಧರ್ಮದವರು ಬರುವ ಕಡೆ ಶಿಲುಬೆ, ಪ್ರಾರ್ಥನೆ ಎಲ್ಲ ಬೇಕಾ ಅಂತ ಕೇಳಿದ್ದೀರಿ. ನಾನು ಕ್ಯಾಥೋಲಿಕ್. ಈ ಜಿಲ್ಲೆಯ ಮಿಷನ್ ಆಸ್ಪತ್ರೆಗಳಲ್ಲೇ ಇಪ್ಪತ್ತೆರಡು ವರ್ಷದಿಂದ ನರ್ಸ್.

ಗೋಡೆಯ ಶಿಲುಬೆಯಿಂದ ರೋಗಿಗಳಿಗೆ ತೊಂದರೆ ಆಗಿದ್ದನ್ನು ನಾನು ನೋಡಿಲ್ಲ. ತೊಂದರೆ ಆಗಿದ್ದು ನಾವು ಬಾಯಿಬಿಟ್ಟು ಹೇಳದ ವಿಷಯದಿಂದ. ಮಕ್ಕಳಾಗದಂತೆ ಮಾಡುವ ಆಪರೇಷನ್ ಸರಿಯಲ್ಲ ಅಂತ ಪೋಪ್ ಆರನೇ ಪೌಲ್ 1968ರಲ್ಲಿ ಬರೆದಿದ್ದರು. ಹಾಗಾಗಿ ನಾವು ಅದನ್ನು ಮಾಡುವುದಿಲ್ಲ. 1971ರ ಕಾನೂನಿನಲ್ಲಿ ಅವಕಾಶ ಇದ್ದರೂ ಗರ್ಭಪಾತ ಮಾಡುವುದಿಲ್ಲ.

ನಾನು ಮೊದಲು ಇದ್ದ ಕಡೆ ಕಾಫಿ ತೋಟದ ಒಬ್ಬ ಹೆಂಗಸು ಮೂರನೇ ಹೆರಿಗೆಗೆ ಬಂದಿದ್ದರು. ಸಿಸೇರಿಯನ್ ಜೊತೆಗೇ ಆಪರೇಷನ್ನೂ ಆಗುತ್ತೆ ಅಂದುಕೊಂಡಿದ್ದರು. ಇಲ್ಲಿ ಮಾಡಲ್ಲ ಅಂತ ಗೊತ್ತಾಗಿದ್ದು ಥಿಯೇಟರ್ ಬಾಗಿಲಲ್ಲಿ. "ಮೊದಲೇ ಹೇಳಿದ್ರೆ ಬೇರೆ ಕಡೆ ಹೋಗ್ತಿದ್ದೆ ಅಲ್ವಾ ಸಿಸ್ಟರ್? ಇನ್ನೊಂದು ಸಲ ಹೊಟ್ಟೆ ಕೊಯ್ಯಿಸ್ಕೊಬೇಕಾ?" ಅಂದರು. ತಿಂಗಳು ತಿಂಗಳೂ ಅವರ ಕಾರ್ಡಿನಲ್ಲಿ ಬಿಪಿ, ತೂಕ ಬರೆದವಳು ನಾನೇ. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಈಗ ನಾನಿರುವ ಕಡೆ ಕಾರ್ಡ್ ಮಾಡಿಸುವ ದಿನವೇ ಹೇಳಿಬಿಡುತ್ತೇವೆ.

ಕೊನೆಗಾಲದ ವಿಷಯದಲ್ಲಿ ಜನ ನಮ್ಮನ್ನು ತಪ್ಪು ತಿಳಿದಿದ್ದಾರೆ. ಉಸಿರಿರೋವರೆಗೂ ಮೆಷಿನ್ ಹಾಕಿಡ್ತಾರೆ ಅಂತ. ದಯಾಮರಣಕ್ಕೆ ನಾವು ಒಪ್ಪುವುದಿಲ್ಲ, ನಿಜ. ಆದರೆ ರೋಗಿಗೂ ಮನೆಯವರಿಗೂ ಹೊರಲಾರದಷ್ಟು ಭಾರವಾದ ಚಿಕಿತ್ಸೆಯನ್ನು ಬೇಡ ಅನ್ನಬಹುದು. ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ಇದನ್ನು ಹೇಳಿದ್ದರು.

ಮೂಡಿಗೆರೆ ಕಡೆಯ ಒಬ್ಬ ಅಜ್ಜನನ್ನು ಹಾಗೇ, ಮೆಷಿನ್ ಇಲ್ಲದೆ, ನೋವಿನ ಔಷಧ ಕೊಟ್ಟು ನೋಡಿಕೊಂಡೆವು. ಅವರ ಮಗಳು ಸೆರಗಿನಡಿ ಸಣ್ಣ ಬಾಟಲಿಯಲ್ಲಿ ತುಳಸಿ ನೀರು ಮುಚ್ಚಿಟ್ಟುಕೊಂಡು ಬಂದಿದ್ದರು, ಬೈತಾರೇನೋ ಅಂತ. ನಮ್ಮ ಹಿರಿಯ ಸಿಸ್ಟರ್ ತಾವೇ ಹೋಗಿ ಚಮಚ ತಂದರು. ಅಜ್ಜನ ತಲೆ ಎತ್ತಿ ಹಿಡಿದು, "ತುಟಿ ಒದ್ದೆ ಆಗುವಷ್ಟೇ ಹಾಕಮ್ಮ, ಜಾಸ್ತಿ ಆದ್ರೆ ನೆತ್ತಿಗೇರುತ್ತೆ" ಅಂದರು. ಮಂಚದ ಮೇಲೆ ಗೋಡೆಯಲ್ಲಿ ಶಿಲುಬೆ ಇತ್ತು. ನನ್ನ ಮಟ್ಟಿಗೆ ಅದು ಅಲ್ಲಿರುವುದು ಆ ಚಮಚಕ್ಕಾಗಿಯೇ.

ಬೆಳಗಿನ ಪ್ರಾರ್ಥನೆ ಬಗ್ಗೆ ಹೆದರಬೇಡಿ. ಮನಸ್ಸಿಲ್ಲದಿದ್ದರೆ ಸುಮ್ನೆ ನಿಂತರೆ ಸಾಕು, ನಮ್ಮಲ್ಲಿ ಯಾರಿಗೂ ಬಲವಂತ ಇಲ್ಲ. ನೀವು ಮೊದಲ ದಿನವೇ ಕೇಳಬೇಕಾದ್ದು ಬೇರೆ: ಇಲ್ಲಿ ಏನು ಮಾಡಲ್ಲ ಅನ್ನುವುದನ್ನು ರೋಗಿಗೆ ಯಾರು ಹೇಳ್ತಾರೆ, ಯಾವಾಗ ಹೇಳ್ತಾರೆ?