ಐಲೀನ್ ಪವರ್: ಮಠದ ಲೆಕ್ಕಪತ್ರದಿಂದ ಉಣ್ಣೆಯ ವ್ಯಾಪಾರದವರೆಗೆ

ಮಾನ್ಯರೇ,

ಕಳೆದ ಸಂಚಿಕೆಯ ಲೇಖನದಲ್ಲಿ ಐಲೀನ್ ಪವರ್ ಅವರನ್ನು ಮಧ್ಯಯುಗದ ಮಹಿಳೆಯರ ಇತಿಹಾಸಕಾರ್ತಿ ಎಂದು ಕರೆದದ್ದನ್ನು ತಾವು ಆಕ್ಷೇಪಿಸಿದ್ದೀರಿ. 1931ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಆರ್ಥಿಕ ಇತಿಹಾಸದ ಪ್ರಾಧ್ಯಾಪಕಿಯಾಗಿ, ಕೊನೆಯ ವರ್ಷಗಳನ್ನು ಇಂಗ್ಲೆಂಡಿನ ಉಣ್ಣೆ ವ್ಯಾಪಾರದ ಅಧ್ಯಯನಕ್ಕೆ ಮೀಸಲಿಟ್ಟವರನ್ನು, ಅವರು ತೀರಿಕೊಂಡ 35 ವರ್ಷಗಳ ಮೇಲೆ ಪ್ರಕಟವಾದ ಒಂದು ಸಣ್ಣ ಪುಸ್ತಕದ ಬಲದಿಂದ ಹಾಗೆ ಕರೆಯಬಹುದೇ ಎಂದು ಕೇಳಿದ್ದೀರಿ. ಅವರ ಯಾವ ಪುಸ್ತಕವನ್ನು ಮೊದಲು ಓದಬೇಕೆಂದೂ ವಿಚಾರಿಸಿದ್ದೀರಿ.

1975ರಲ್ಲಿ ಪತಿ ಎಂ. ಎಂ. ಪೋಸ್ಟನ್ ಸಂಪಾದಿಸಿದ ಆ ಪುಸ್ತಕ ಇಲ್ಲದೇ ಹೋಗಿದ್ದರೂ ನಮ್ಮ ಮಾತು ನಿಲ್ಲುತ್ತಿತ್ತು. 1926ರಲ್ಲೇ ಅವರು ಮಧ್ಯಯುಗದಲ್ಲಿ ಮಹಿಳೆಯರ ಸ್ಥಾನಮಾನ ಕುರಿತ ಪ್ರಬಂಧವನ್ನು ಪ್ರಕಟಿಸಿದ್ದರು. ಅದಕ್ಕೂ ಮೊದಲು, 1922ರಲ್ಲಿ, ಇಂಗ್ಲೆಂಡಿನ ಸನ್ಯಾಸಿನಿಯರ ಮಠಗಳನ್ನು ಕುರಿತ ಅವರ ಬೃಹತ್ ಗ್ರಂಥ ಬಂದಿತ್ತು. ಸುಮಾರು 1275ರಿಂದ 1535ರವರೆಗಿನ ಕಾಲವನ್ನು ಕುರಿತ ಈ ಗ್ರಂಥದ ಆಧಾರಗಳನ್ನು ನೋಡಿದರೆ ತಮ್ಮ ಪ್ರಶ್ನೆಗೆ ಉತ್ತರ ಸಿಗುತ್ತದೆ. ಬಿಷಪ್ಪರು ಮಠಗಳಿಗೆ ಭೇಟಿಯಿತ್ತು ಬರೆಸಿದ ತಪಾಸಣಾ ದಾಖಲೆಗಳು ಒಂದು ಕಡೆ, ಮಠಗಳ ಜಮಾಖರ್ಚಿನ ಸುರುಳಿಗಳು ಇನ್ನೊಂದು ಕಡೆ. ಗೇಣಿ ವಸೂಲಿ, ಉಣ್ಣೆಯ ಮಾರಾಟ, ಆಳುಗಳ ಸಂಬಳ, ತೀರದ ಸಾಲ, ಸೋರುವ ಛಾವಣಿ, ಇವೆಲ್ಲವನ್ನು ನಿಭಾಯಿಸುತ್ತಿದ್ದ ಮಠಾಧಿಕಾರಿಣಿ ಅಲ್ಲಿ ಭೂಮಾಲೀಕಳಾಗಿ, ಕೆಲವೊಮ್ಮೆ ದಿವಾಳಿಯ ಅಂಚಿನ ಯಜಮಾನಿಯಾಗಿ ಕಾಣಿಸುತ್ತಾಳೆ. ಮಹಿಳೆಯರ ಬದುಕನ್ನು ಉಪದೇಶ ಗ್ರಂಥಗಳಲ್ಲಿ ಅರಸದೆ ಲೆಕ್ಕಪತ್ರಗಳಲ್ಲಿ ಅರಸಿದ್ದರಿಂದಲೇ ಪವರ್ ಆರ್ಥಿಕ ಇತಿಹಾಸಕಾರ್ತಿಯಾದರು ಎಂಬುದು ನಮ್ಮ ದೃಢ ಅಭಿಪ್ರಾಯ.

ಬಿಷಪ್ಪರ ದಾಖಲೆಗಳನ್ನು ಅವರು ಓದಿದ ರೀತಿಯೂ ಗಮನಾರ್ಹ. ಸನ್ಯಾಸಿನಿಯರು ನಾಯಿ ಸಾಕಬಾರದು, ಬೆಡಗಿನ ಉಡುಪು ತೊಡಬಾರದು ಎಂಬ ಆಜ್ಞೆ ಶತಮಾನಗಳ ಕಾಲ ಮರುಕಳಿಸುತ್ತಿದ್ದರೆ, ಅದನ್ನು ಯಾರೂ ಪಾಲಿಸುತ್ತಿರಲಿಲ್ಲ ಎಂದೇ ಅರ್ಥ. ಸನ್ಯಾಸಿನಿಯರು ಮಠದ ಗೋಡೆ ದಾಟಬಾರದೆಂದು ಪೋಪ್ ಎಂಟನೆಯ ಬೋನಿಫೇಸ್ 1298ರಲ್ಲಿ ಹೊರಡಿಸಿದ ಶಾಸನವನ್ನು ಲಿಂಕನ್‌ನ ಬಿಷಪ್ ಒಂದು ಮಠಕ್ಕೆ ಒಯ್ದಾಗ, ಅಲ್ಲಿನವರು ಬಾಗಿಲವರೆಗೂ ಅಟ್ಟಿಸಿಕೊಂಡು ಹೋಗಿ ಆ ಪತ್ರವನ್ನು ಅವರ ತಲೆಯ ಮೇಲೆಯೇ ಎಸೆದ ಪ್ರಸಂಗವನ್ನು ಪವರ್ ಬೆಳಕಿಗೆ ತಂದರು. ವಿಧಿಸಿದ್ದಕ್ಕೂ ನಡೆದದ್ದಕ್ಕೂ ನಡುವೆ ಇದ್ದ ಅಂತರವೇ ಅವರ ಅಧ್ಯಯನದ ತಿರುಳು.

ಕೇಂಬ್ರಿಜ್‌ನ ಗರ್ಟನ್ ಕಾಲೇಜಿನಲ್ಲಿ ಕಲಿತು, 1913ರಿಂದ 1921ರವರೆಗೆ ಅಲ್ಲೇ ಇತಿಹಾಸ ವ್ಯಾಸಂಗದ ನಿರ್ದೇಶಕಿಯಾಗಿದ್ದ ಈ ವಿದುಷಿ 1940ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ನಿಧನರಾದರು. ಮಹಿಳೆಯರಿಗೆ ಪೂರ್ಣ ಪದವಿಯ ಹಕ್ಕನ್ನು ಆ ವಿಶ್ವವಿದ್ಯಾಲಯ ಕೊಟ್ಟದ್ದು 1948ರಲ್ಲಿ. ಈ ಅನ್ಯಾಯವನ್ನು ನೆನೆದಾಗ ಇಂದಿಗೂ ಮನಸ್ಸು ನೋಯುತ್ತದೆ.

ಓದನ್ನು 1924ರ ‘ಮಿಡೀವಲ್ ಪೀಪಲ್’ನಿಂದ ಆರಂಭಿಸಿ. ಮಠಾಧಿಕಾರಿಣಿಯ ಅಧ್ಯಾಯವಾದ ಕೂಡಲೇ ಉಣ್ಣೆ ವ್ಯಾಪಾರಿ ಥಾಮಸ್ ಬೆಟ್ಸನ್‌ನ ಅಧ್ಯಾಯವನ್ನು ಓದಿ. ಅವನ ವ್ಯವಹಾರದ ವಿವರಗಳೂ, ಮದುವೆ ನಿಶ್ಚಯವಾಗಿದ್ದ ಎಳೆಯ ಹುಡುಗಿ ಕ್ಯಾಥರೀನ್‌ಗೆ ಅವನು ಬರೆದ ಪತ್ರವೂ ಅಲ್ಲಿ ಒಟ್ಟಿಗೇ ಇವೆ.

— ಸಂಪಾದಕ